ಪ್ರೆಸ್ಸಿನ ಪೆನ್‌ಡ್ರೈವ್, ನಮ್ಮ ಮನೆ ಕಂಪ್ಯೂಟರ್ ಮತ್ತು ಮೂರು ಆಂಟಿವೈರಸ್

"ಅಕ್ಕಾರ, ಎರಡ ಮಿನಿಟ್ನಾಗ ಕಾಪಿ ಮಾಡಿ ಕೊಡ್ರಿ, ಅಲ್ಲೆ ಮಷಿನ್ ನಿಂತೈತಿ." ಪ್ರೆಸ್ಸಿನ ಹುಡುಗ ಚಪ್ಪಲಿ ಸಹ ಬಿಡದೆ ಹೊಸ್ತಿಲ ಹೊರಗೇ ನಿಂತು, ಕಿಸೆಯಿಂದ ಪೆನ್‌ಡ್ರೈವ್ ತೆಗೆದು ಕೈ ಚಾಚುತ್ತಾನೆ. ಅದರ ಜೊತೆ ಬೈಕಿನ ಕೀಲಿ, ಅಡಿಕೆ ಚೂರು, ಚಿಲ್ಲರೆ ಎಲ್ಲ ಹೊರಗೆ ಬರುತ್ತವೆ. ಆ ಪೆನ್‌ಡ್ರೈವ್ ಅವತ್ತು ಎಷ್ಟು ಕಂಪ್ಯೂಟರ್ ಸುತ್ತಿ ಬಂದಿದೆಯೋ ಅವನಿಗೂ ಗೊತ್ತಿರುವುದಿಲ್ಲ. ಮನೆ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಚಲೋ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಚಾಚಿದ ಕೈ.

ನಾನು ಬೆಟಗೇರಿಯಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡುವಾಕೆ. ಲಗ್ನಪತ್ರಿಕೆ, ಸೀರೆ ಅಂಗಡಿಯ ಬಿಲ್‌ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ವರ್ಷಕ್ಕೆ ನಾಲ್ಕೈದು ಪುಸ್ತಕ. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು, ಹಾಗಾಗಿ ಕೆಲಸಕ್ಕೆ ಬರವಿಲ್ಲ. ಕಂಪ್ಯೂಟರ್ 2017ರಲ್ಲಿ ಜೋಡಿಸಿದ್ದು: ಇಂಟೆಲ್ಲಿನ ಆರನೇ ತಲೆಮಾರಿನ ಐ3 ಪ್ರೊಸೆಸರ್, ಆಮೇಲೆ 8 ಜಿಬಿಗೆ ಏರಿಸಿದ ರ್‍ಯಾಮ್, ವಿಂಡೋಸ್ 10. ಹಗಲು ನನ್ನದು, ರಾತ್ರಿ ಎಂಟರ ಮೇಲೆ ಎಸ್ಸೆಸ್ಸೆಲ್ಸಿ ಓದುವ ಮಗನದು. ಖಂಡೇಪೂಜೆಗೆ ಹಚ್ಚಿದ ವಿಭೂತಿ ಸಿಪಿಯು ಮೇಲೆ ವರ್ಷವಿಡೀ ಇರುತ್ತದೆ. ನಮ್ಮ ಅತ್ತೆಯ ಲೆಕ್ಕದಲ್ಲಿ ಅದೇ ದೊಡ್ಡ ಆಂಟಿವೈರಸ್ಸು.

ಮೂರು ವರ್ಷದ ಹಿಂದೆ, ಮದುವೆ ಸೀಜನ್ನಿನ ನಟ್ಟನಡುವೆ, ಒಂದು ಮಧ್ಯಾಹ್ನ ಪೆನ್‌ಡ್ರೈವ್ ತೆರೆದೆ. ಫೋಲ್ಡರುಗಳೆಲ್ಲ ಇದ್ದವು, ಹೆಸರೂ ಸರಿ ಇತ್ತು. ಆದರೆ ಪ್ರತಿ ಫೋಲ್ಡರಿನ ಮೂಲೆಯಲ್ಲಿ ಸಣ್ಣ ಬಾಣದ ಗುರುತು, ಗಾತ್ರ ನೋಡಿದರೆ ಬರೇ 2 ಕೆಬಿ. ಹದಿನಾಲ್ಕು ಲಗ್ನಪತ್ರಿಕೆ 2 ಕೆಬಿಯಲ್ಲಿ ಹೇಗೆ ಕೂತಾವು? ಅಷ್ಟರಲ್ಲಿ ನಾನು ಒಂದನ್ನು ಡಬಲ್ ಕ್ಲಿಕ್ ಮಾಡಿ ಆಗಿತ್ತು. ಅದು ನೆಟ್ಟಗೆ ತೆರೆದುಕೊಂಡಿತು ಕೂಡ. ಈ ಜಾತಿಯ ಹುಳದ ಜಾಣತನವೇ ಅಲ್ಲಿದೆ. ನಿಜವಾದ ಫೋಲ್ಡರನ್ನು ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಮುಂದೆ ಇಡುತ್ತದೆ. ನೀವು ಒತ್ತಿದರೆ ಮೊದಲು ತಾನು ಓಡಿ ಕಂಪ್ಯೂಟರಿನಲ್ಲಿ ಬೇರು ಬಿಡುತ್ತದೆ, ಹಿಂದೆಯೇ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಕೆಲಸ ನಿಲ್ಲದ ಕಾರಣ ಯಾರಿಗೂ ಅನುಮಾನ ಬರುವುದಿಲ್ಲ. ಸಂಜೆಯ ಹೊತ್ತಿಗೆ ನಾನು ಹಚ್ಚಿದ ಇನ್ನೆರಡು ಪೆನ್‌ಡ್ರೈವಿಗೂ ಅದೇ ಗತಿ.

ಫೈಲು ಹೋಗಿರಲಿಲ್ಲ, ಅಡಗಿದ್ದವು ಅಷ್ಟೇ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ಅಟ್ರಿಬ್ ಎಂದು ಹೊಡೆದು, ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್ ಎಂದು ಕೊಟ್ಟು, ಕೆಳಗಿನ ಫೋಲ್ಡರುಗಳಿಗೂ ಹಬ್ಬಲೆಂದು ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ ಸೇರಿಸಿದರೆ ಎಲ್ಲ ಹೊರಗೆ ಬರುತ್ತವೆ. ಎಚ್ ಒಂದನ್ನೇ ಕೊಟ್ಟರೆ ಅದು ಕೇಳುವುದಿಲ್ಲ, ಹುಳ ಆ ಫೋಲ್ಡರುಗಳಿಗೆ ಸಿಸ್ಟಮ್ ಎಂಬ ಮುದ್ರೆಯನ್ನೂ ಒತ್ತಿರುತ್ತದೆ. ನನಗೆ ಅದು ತಿಳಿಯಲು ರಾತ್ರಿ ಹನ್ನೊಂದಾಯಿತು.

ಆವಾಗ ಆಂಟಿವೈರಸ್ ಇರಲಿಲ್ಲವೇ? ಇತ್ತು. ಮೂಲೆಯಲ್ಲಿ ಅದರ ಚಿತ್ರವೂ ಕೂತಿತ್ತು. ಲೈಸೆನ್ಸ್ ಮುಗಿದು ಎರಡು ತಿಂಗಳಾಗಿತ್ತು, ದಿನಾ ಬರುವ ನೆನಪೋಲೆಯನ್ನು ನಾನು ದಿನಾ ಮುಚ್ಚುತ್ತಿದ್ದೆ. ಕಾವಲುಗಾರ ಪಗಾರ ಸಿಗದೆ ಮನೆಗೆ ಹೋಗಿದ್ದ, ಅವನ ಟೊಪ್ಪಿಗೆ ಮಾತ್ರ ಗೂಟದಲ್ಲಿ ತೂಗುತ್ತಿತ್ತು.

ಮರುವಾರ ಹುಬ್ಬಳ್ಳಿಗೆ ಹೋದಾಗ ಕೊಪ್ಪೀಕರ್ ರೋಡಿಗೆ ಹೋಗಿ ಒಂದು ಬಾಕ್ಸ್ ತಂದೆ. "ಬರೇ ಆಂಟಿವೈರಸ್ ಬ್ಯಾಡ್ರಿ ಮೇಡಂ, ಟೋಟಲ್ ಸೆಕ್ಯುರಿಟಿ ತಗೋರಿ, ಎಲ್ಲಾ ಬರ್ತೈತ್ರಿ ಇದ್ರಾಗ." ಎಲ್ಲಾ ಅಂದರೆ ಏನೇನು ಅಂತ ಕೇಳಿದೆ. ವೈರಸ್ ಹಿಡಿಯುವುದು, ಬ್ಯಾಂಕಿಂಗಿಗೆ ಬೇರೆ ಬ್ರೌಸರ್, ಮಕ್ಕಳ ಮೇಲೆ ನಿಗಾ, ಕಸ ತೆಗೆಯುವ ಟ್ಯೂನ್‌ಅಪ್. ಒಂದು ಕಂಪ್ಯೂಟರ್, ಒಂದು ವರ್ಷ, ಸಾವಿರದ ಮೇಲೆ ರೊಕ್ಕ. ಕಂಪನಿಯ ಹೆಸರು ಇಲ್ಲಿ ಹೇಳುವುದಿಲ್ಲ, ಯಾಕೆಂದರೆ ಮುಂದೆ ಬರೆಯುವ ತೊಂದರೆ ನನ್ನ ಹಳೆಯ ಹಾರ್ಡ್‌ಡಿಸ್ಕಿನಿಂದ ಆದದ್ದೋ ಅದರಿಂದಲೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಒಳ್ಳೆಯದು ಮೊದಲು. ಪೆನ್‌ಡ್ರೈವ್ ಹಚ್ಚಿದ ಕೂಡಲೇ ತಾನಾಗಿ ತಡೆದು ತಪಾಸಣೆ ಮಾಡುತ್ತಿತ್ತು. ನಾನು ಹೇಳಬೇಕಿರಲಿಲ್ಲ, ನೆನಪಿಡಬೇಕಿರಲಿಲ್ಲ. ಒಂದು ಮದುವೆ ಸೀಜನ್ನಿನಲ್ಲಿ ಎಂಟು ಸಲ ಹಿಡಿಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿಟ್ಟಿದ್ದೆ. ಆ ಒಂದು ಕೆಲಸಕ್ಕೆ ಕೊಟ್ಟ ರೊಕ್ಕ ದಂಡವಾಗಲಿಲ್ಲ.

ಇನ್ನು ತಾಪತ್ರಯ. ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿ, ಒಲೆಯ ಮೇಲೆ ಹಾಲಿಟ್ಟು, ಹಾಲು ಉಕ್ಕಿ ಇಳಿಸಿ ಬಂದರೂ ನಾನು ಪುಟ ಜೋಡಿಸುವ ಪೇಜ್‌ಮೇಕರ್ ತೆರೆದಿರುತ್ತಿರಲಿಲ್ಲ. ಅದಕ್ಕಿಂತ ದೊಡ್ಡದು ಕನ್ನಡದ ಪಜೀತಿ. ಒಂದು ಸಂಜೆ ಬೀಗರ ಹೆಸರು ಟೈಪ್ ಮಾಡುತ್ತ ಕೂತಿದ್ದೆ, ನಡುವೆಯೇ ಅಕ್ಷರಗಳೆಲ್ಲ ಇಂಗ್ಲಿಷಿಗೆ ತಿರುಗಿದವು. ನೋಡಿದರೆ ನನ್ನ ಕನ್ನಡ ಕೀಬೋರ್ಡ್ ತಂತ್ರಾಂಶವನ್ನೇ ಅದು ಕಳ್ಳ ಎಂದು ಹಿಡಿದು ಕ್ವಾರಂಟೈನಿಗೆ ಹಾಕಿತ್ತು. ಸಿಟ್ಟು ಇಳಿದ ಮೇಲೆ ಯೋಚಿಸಿದರೆ ಅದರ ಅನುಮಾನಕ್ಕೂ ಕಾರಣ ಇದೆ. ನುಡಿಯಂಥ ತಂತ್ರಾಂಶ ನೀವು ಒತ್ತುವ ಒಂದೊಂದು ಕೀಲಿಯನ್ನೂ ನಡುದಾರಿಯಲ್ಲಿ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಮೊದಲು ಮಾಡುವುದು ಅದನ್ನೇ, ಕೀಲಿಗಳನ್ನು ನಡುದಾರಿಯಲ್ಲಿ ಹಿಡಿಯುವುದು. ದೇಶದೇಶಗಳಲ್ಲಿ ಲಕ್ಷಾಂತರ ಜನ ಬಳಸುವ ತಂತ್ರಾಂಶವಾದರೆ ಆಂಟಿವೈರಸ್ಸಿಗೆ ಪರಿಚಯ ಇರುತ್ತದೆ; ನಮ್ಮ ಕನ್ನಡದ್ದಕ್ಕೆ ಆ ಪರಿಚಯದ ಭಾಗ್ಯ ಕಡಿಮೆ. ಸೆಟ್ಟಿಂಗಿನಲ್ಲಿ ಎಕ್ಸ್‌ಕ್ಲೂಶನ್ ಎಂಬಲ್ಲಿ, ಅಂದರೆ ಮುಟ್ಟದೆ ಬಿಡಬೇಕಾದವರ ಪಟ್ಟಿಯಲ್ಲಿ, ಆ ಕೀಬೋರ್ಡ್ ತಂತ್ರಾಂಶದ ಫೋಲ್ಡರಿನ ಹೆಸರು ಸೇರಿಸಿದರೆ ಮುಗಿಯಿತು. ಕನ್ನಡದಲ್ಲಿ ಟೈಪ್ ಮಾಡುವವರು ಯಾವ ಆಂಟಿವೈರಸ್ ಹಾಕಿದರೂ ಮೊದಲ ದಿನವೇ ಇದನ್ನು ಮಾಡಿಕೊಳ್ಳಿ. ಪತ್ರಿಕೆ ಕೊಡುವ ಹಿಂದಿನ ರಾತ್ರಿ ಕಲಿಯುವ ವಿದ್ಯೆ ಅದಲ್ಲ.

ಒಂದು ವರ್ಷ ಕಳೆದ ಮೇಲೆ ನವೀಕರಣದ ಬೆಲೆ ನೋಡಿ ಗಾಬರಿಯಾದೆ. ಅಂಗಡಿಯಲ್ಲಿ ಸೋವಿಯಾಗಿ ಸಿಗುವ ಹೊಸ ಬಾಕ್ಸಿಗಿಂತ ಹಳೆಯದರ ನವೀಕರಣವೇ ತುಟ್ಟಿ. ಆನ್‌ಲೈನಿನಲ್ಲಿ ಕಾರ್ಡ್ ಕೊಟ್ಟು ತಗೊಳ್ಳುವವರು ಆಟೋ ರಿನ್ಯೂವಲ್ ಎಂಬ ಟಿಕ್ ಗುರುತು ತೆಗೆದಿದ್ದೀರಾ ನೋಡಿಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಂಥ ಕಡಿತಕ್ಕೆ 24 ತಾಸು ಮುಂಚೆ ನಿಮಗೆ ಸಂದೇಶ ಬರಬೇಕು, ಬಂದಾಗ ಓದದೆ ಅಳಿಸಬೇಡಿ.

ಎರಡನೆಯದು ಪುಕ್ಕಟೆಯದು. ಆರು ವಾರ ಇಟ್ಟುಕೊಂಡೆ. ವೈರಸ್ ಹಿಡಿಯುವುದರಲ್ಲಿ ಕೊರತೆ ಕಾಣಲಿಲ್ಲ. ಆದರೆ ತಾಸಿಗೊಮ್ಮೆ ಮೂಲೆಯಿಂದ ಮುಖ ಹಾಕಿ, ನಿಮ್ಮ ಕಂಪ್ಯೂಟರಿನಲ್ಲಿ ಇಷ್ಟು ಕಸ ಇದೆ, ಅಷ್ಟು ಅಪಾಯ ಇದೆ, ರೊಕ್ಕ ಕಟ್ಟಿದರೆ ತೆಗೆಯುತ್ತೇನೆ ಅನ್ನುವುದು. ಪುಕ್ಕಟೆ ಕಾವಲುಗಾರ ಬಾಗಿಲಲ್ಲಿ ನಿಂತು ದಿನವಿಡೀ ಪಾಲಿಸಿ ಮಾರಿದ ಹಾಗೆ. ಇನ್ನೊಂದು ಸಂಗತಿ ಓದಿದ ಮೇಲೆ ತೆಗೆದೇಬಿಟ್ಟೆ. ನಾನು ಹಾಕಿಕೊಂಡದ್ದು ಬೇರೆ ಕಂಪನಿಯದು, ಆದರೆ ಪುಕ್ಕಟೆ ಆಂಟಿವೈರಸ್ಸಿಗೆ ಜಗತ್ತಿನಾದ್ಯಂತ ಹೆಸರಾದ ಅವಾಸ್ಟ್, ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರು ಎಂಬ ವಿವರವನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ಅದು ಬಯಲಾಗಿ 2020ರಲ್ಲಿ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಮುಂದೆ ಅವಾಸ್ಟ್ 1 ಕೋಟಿ 65 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಆಂಟಿವೈರಸ್ ಅಂದರೆ ಮನೆಯ ಎಲ್ಲ ಕೋಣೆಯ ಕೀಲಿ ಇರುವ ಮನುಷ್ಯ. ಅವನ ಹೊಟ್ಟೆಪಾಡು ಎಲ್ಲಿಂದ ನಡೆಯುತ್ತದೆ ಎಂದು ಕೇಳಿಕೊಳ್ಳುವುದು ತಪ್ಪಲ್ಲ.

ಈಗ ಒಂದೂವರೆ ವರ್ಷದಿಂದ ಇರುವುದು ಮೂರನೆಯದು, ವಿಂಡೋಸಿನ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್. ವಿಂಡೋಸ್ 8ರಿಂದ ಪ್ರತಿ ಕಂಪ್ಯೂಟರಿನಲ್ಲೂ ಅದು ಇದ್ದೇ ಇದೆ. ಬೇರೆ ಆಂಟಿವೈರಸ್ ಹಾಕಿದರೆ ತಾನೇ ಹಿಂದೆ ಸರಿದು ಕೂರುತ್ತದೆ, ಅದನ್ನು ಪೂರ್ತಿ ತೆಗೆದರೆ ಮತ್ತೆ ಎದ್ದು ಬರುತ್ತದೆ. ಪೂರ್ತಿ ಎಂಬ ಮಾತು ಮುಖ್ಯ. ಹಳೆಯದರ ಚೂರುಪಾರು ಉಳಿದಿದ್ದರೆ ಎರಡೂ ಗುದ್ದಾಡಿ ಕಂಪ್ಯೂಟರ್ ತೆವಳುತ್ತದೆ. ಹೆಚ್ಚಿನ ಕಂಪನಿಗಳು ತಮ್ಮದನ್ನು ಬೇರುಸಹಿತ ಕೀಳುವ ಸಣ್ಣ ತಂತ್ರಾಂಶವನ್ನು ಬೇರೆಯಾಗಿ ಕೊಡುತ್ತವೆ, ಅದನ್ನು ಬಳಸಿ.

ಪುಕ್ಕಟೆ ಸಿಕ್ಕದ್ದು ಹಗುರ ಎಂಬ ಅನುಮಾನ ನನಗೂ ಇತ್ತು. ಜರ್ಮನಿಯ ಎವಿ-ಟೆಸ್ಟ್ ಎಂಬ ಸಂಸ್ಥೆ ಆಂಟಿವೈರಸ್‌ಗಳಿಗೆ ಪರೀಕ್ಷೆ ಮಾಡಿ ಅಂಕ ಕೊಡುತ್ತದೆ: ರಕ್ಷಣೆಗೆ 6, ವೇಗಕ್ಕೆ 6, ಬಳಕೆಗೆ 6, ಒಟ್ಟು 18. ಹಲವು ವರ್ಷಗಳಿಂದ ಡಿಫೆಂಡರ್ ಅಲ್ಲಿ ಮುಂದಿನ ಬೆಂಚಿನಲ್ಲೇ ಕೂತಿದೆ. ಆದರೆ ಆಸ್ಟ್ರಿಯಾದ ಎವಿ-ಕಂಪ್ಯಾರೇಟಿವ್ಸ್ ಪರೀಕ್ಷೆಗಳಲ್ಲಿ ಇನ್ನೊಂದು ಮಾತು ಕಾಣುತ್ತದೆ. ಇಂಟರ್ನೆಟ್ ಇಲ್ಲದಾಗ ಡಿಫೆಂಡರ್ ಪತ್ತೆ ಹಚ್ಚುವ ಪ್ರಮಾಣ ಇಳಿಯುತ್ತದೆ, ಏಕೆಂದರೆ ಅದರ ಅರ್ಧ ಬುದ್ಧಿ ಮೈಕ್ರೋಸಾಫ್ಟಿನ ಸರ್ವರುಗಳಲ್ಲಿದೆ. ಊರಾಗ ಲೈನ್ ಹೋಗಿ, ಯುಪಿಎಸ್ ಮೇಲೆ ಕಂಪ್ಯೂಟರ್ ನಡೆಯುತ್ತ, ವೈಫೈ ಸತ್ತಿರುವ ಹೊತ್ತಿನಲ್ಲೇ ಪ್ರೆಸ್ಸಿನ ಹುಡುಗ ಬಂದರೆ? ಆವಾಗ ನಾನು ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿಯೇ ಪೆನ್‌ಡ್ರೈವ್ ಮುಟ್ಟುವುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಡಿಫೆಂಡರಿನ ಫುಲ್ ಸ್ಕ್ಯಾನ್ ಕೊಟ್ಟರೆ ಅದು ಮೊದಲಿನ ಸೆಟ್ಟಿಂಗಿನಲ್ಲಿ ಪೆನ್‌ಡ್ರೈವನ್ನು ನೋಡುವುದಿಲ್ಲ. ಫೈಲು ತೆರೆಯುವಾಗ ತಡೆಯುತ್ತದೆ, ಅದು ಬೇರೆ. ಪೂರ್ತಿ ಪೆನ್‌ಡ್ರೈವ್ ನೋಡಬೇಕೆಂದರೆ ನೀವೇ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬುದನ್ನು ಒತ್ತಬೇಕು. ಬಾಕ್ಸಿನ ಆಂಟಿವೈರಸ್ ತಾನಾಗಿ ಮಾಡುತ್ತಿದ್ದ ಕೆಲಸ ಈಗ ನನ್ನ ಕೈಗೆ ಬಂದಿದೆ. ಹುಡುಗ "ಅಕ್ಕಾರ, ಜಲ್ದಿ" ಎಂದರೂ ಆ ಒಂದು ನಿಮಿಷ ನಾನು ಬಿಡುವುದಿಲ್ಲ.

ಹಾಕಿದ ಆಂಟಿವೈರಸ್ ಎಚ್ಚರ ಇದೆಯೋ ನಿದ್ದೆಯಲ್ಲಿದೆಯೋ ನೋಡಲು ಐಕಾರ್ ಎಂಬ ಪರೀಕ್ಷಾ ಫೈಲ್ ಇದೆ. ಬರೇ 68 ಅಕ್ಷರದ ಒಂದು ಸಾಲು, ಅದರಿಂದ ಏನೂ ಹಾನಿ ಇಲ್ಲ. ಆದರೆ ಎಲ್ಲ ಕಂಪನಿಗಳೂ ಅದನ್ನು ವೈರಸ್ ಎಂದೇ ಹಿಡಿಯಲು ಒಪ್ಪಿಕೊಂಡಿವೆ. ನೋಟ್‌ಪ್ಯಾಡಿನಲ್ಲಿ ಆ ಸಾಲು ಹಾಕಿ ಸೇವ್ ಮಾಡಿದೆ. ಕೈ ಮೌಸಿನಿಂದ ತೆಗೆಯುವ ಮುಂಚೆಯೇ ಡಿಫೆಂಡರ್ ಹಿಡಿಯಿತು. ಇದರಿಂದ ಕಾವಲುಗಾರ ಎಚ್ಚರ ಇದ್ದಾನೆ ಎಂದು ಗೊತ್ತಾಗುತ್ತದೆ, ಜಾಣನೋ ದಡ್ಡನೋ ಗೊತ್ತಾಗುವುದಿಲ್ಲ. ಆದರೂ ಲೈಸೆನ್ಸ್ ಮುಗಿದ ಆ ಎರಡು ತಿಂಗಳಲ್ಲಿ ಒಂದು ಸಲ ಹೀಗೆ ನೋಡಿದ್ದರೆ ಆ ರಾತ್ರಿ ಹನ್ನೊಂದರವರೆಗಿನ ಪರದಾಟ ನನಗೆ ತಪ್ಪುತ್ತಿತ್ತು.

ವೇಗದ ಮಾತಿಗೆ ಬಂದರೆ, ಆಂಟಿವೈರಸ್ ಬದಲಿಸಿದ್ದಕ್ಕಿಂತ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದು ಹತ್ತು ಪಟ್ಟು ಕೆಲಸ ಮಾಡಿತು. ಹಾಲು ಈಗ ಕಾಯುವುದರೊಳಗೆ ಪೇಜ್‌ಮೇಕರ್ ತೆರೆದಿರುತ್ತದೆ.

ಯಾವ ಆಂಟಿವೈರಸ್ಸಿಗೂ ಸಿಗದ ರೋಗವೂ ಇದೆ. ಪಕ್ಕದ ಮನೆಯ ಕಾಕಾ ರಿಟೈರ್ ಆದವರು, ಒಂದು ಸಂಜೆ ಗೋಡೆಯಾಚೆಯಿಂದಲೇ ಕೂಗಿದರು: "ತಂಗೀ, ಲಗೂ ಬಾ ಇಲ್ಲೆ, ಕಂಪ್ಯೂಟರಿಗೆ ಐದ ವೈರಸ್ ಹತ್ಯಾವ!" ಹೋಗಿ ನೋಡಿದರೆ ತೆರೆಯ ಬಲಮೂಲೆಯಲ್ಲಿ ಒಂದರ ಮೇಲೊಂದು ಕೆಂಪು ಚೀಟಿ, ಕೆಳಗೆ ಸಹಾಯವಾಣಿ ಎಂದು ಒಂದು ನಂಬರು. ಕಾಕಾ ಮೊಬೈಲ್ ಕೈಯಲ್ಲಿ ಹಿಡಿದೇ ನಿಂತಿದ್ದರು. ನಾನು ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿದ್ದ ಜಾಲತಾಣದ ಹೆಸರು ನೋಡಿದೆ.

"ಕಾಕಾ, ಯಾವುದಾರ ಸೈಟಿನ್ಯಾಗ ಅಲೌ ಅಂತ ಒತ್ತಿದ್ರೇನ್ರಿ?"

"ಒತ್ತಿದ್ನೆವಾ. ಒತ್ತದಿದ್ರ ಮ್ಯಾಚ್ ಚಾಲೂ ಆಗವಲ್ದಾಗಿತ್ತು."

ಪುಕ್ಕಟೆ ಕ್ರಿಕೆಟ್ ತೋರಿಸುವ ಸೈಟಿಗೆ ಕಾಕಾ ತಾವೇ ನೋಟಿಫಿಕೇಶನ್ ಕಳಿಸುವ ಪರವಾನಗಿ ಕೊಟ್ಟಿದ್ದರು. ಅದು ವೈರಸ್ಸೂ ಅಲ್ಲ, ಕಂಪ್ಯೂಟರಿನಲ್ಲಿ ಏನೂ ಇಲ್ಲ. ಕ್ರೋಮಿನ ಸೆಟ್ಟಿಂಗಿನಲ್ಲಿ ಪ್ರೈವಸಿ ವಿಭಾಗ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್. ಆ ಸೈಟಿನ ಹೆಸರು ತೆಗೆದೆ, ಐದೂ ವೈರಸ್ ಮಾಯ. ಆ ನಂಬರಿಗೆ ಫೋನ್ ಹಚ್ಚಿದ್ದರೆ ಆಚೆಯವನು ಕಂಪ್ಯೂಟರನ್ನು ದೂರದಿಂದ ನಡೆಸುವ ಆ್ಯಪ್ ಹಾಕಿಸಿ, ನಿಧಾನಕ್ಕೆ ಬ್ಯಾಂಕಿನವರೆಗೂ ಬರುತ್ತಿದ್ದ. ಹಾಗೆ ರೊಕ್ಕ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ಕಾಕಾನ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದು ಬಂದೆ. ಚಹಾ ಕುಡಿಯದೆ ಬಿಡಲಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಡಿಸೈನ್ ಮಾಡುವ ಒಂದು ತುಟ್ಟಿ ತಂತ್ರಾಂಶವನ್ನು ಬಹಳ ದಿನ ಕ್ರ್ಯಾಕ್ ಮಾಡಿದ್ದೇ ಬಳಸಿದ್ದೇನೆ. ಅದರ ಜೊತೆ ಬರುವ ಚೀಟಿಯ ಮೊದಲ ಸಾಲೇ ಆಂಟಿವೈರಸ್ ಬಂದ್ ಮಾಡಿ ಅನ್ನುತ್ತದೆ. ಸಾವಿರ ಕೊಟ್ಟು ಕೂರಿಸಿದ ಕಾವಲುಗಾರನನ್ನು ನಾನೇ ಹೊರಗೆ ಕಳಿಸಿ, ಮುಖ ಗೊತ್ತಿಲ್ಲದವನನ್ನು ಒಳಗೆ ಕರೆದು ಕೂರಿಸಿದ್ದೆ. ಅದನ್ನು ತೆಗೆದು ಈಗ ಪುಕ್ಕಟೆ ಸಿಗುವ ಇಂಕ್‌ಸ್ಕೇಪ್ ಕಲಿಯುತ್ತಿದ್ದೇನೆ. ಕೈ ಇನ್ನೂ ಕೂತಿಲ್ಲ.

ಇನ್ನೊಂದು ನನ್ನ ಧಂದೆಗೇ ಅಂಟಿದ್ದು. ಲಗ್ನಪತ್ರಿಕೆಯ ಹೆಸರಿನಲ್ಲಿ ವಾಟ್ಸ್ಆ್ಯಪಿಗೆ ಎಪಿಕೆ ಫೈಲ್, ಅಂದರೆ ಮೊಬೈಲಿನಲ್ಲಿ ಆ್ಯಪ್ ಹಾಕಿಸುವ ಫೈಲ್, ಕಳಿಸಿ ಲೂಟಿ ಮಾಡುವ ಆಟ ನಡೆದಿದೆ, ಪೊಲೀಸರೂ ಎಚ್ಚರಿಸುತ್ತಲೇ ಇದ್ದಾರೆ. ಲಗ್ನಪತ್ರಿಕೆ ಮಾಡುವವಳಾಗಿ ಹೇಳುತ್ತೇನೆ: ನಾವು ಕೊಡುವುದು ಪಿಡಿಎಫ್, ಚಿತ್ರ, ಹೆಚ್ಚೆಂದರೆ ವಿಡಿಯೋ. ಇನ್‌ಸ್ಟಾಲ್ ಮಾಡು ಅನ್ನುವ ಲಗ್ನಪತ್ರಿಕೆ ಯಾವ ಬೀಗರೂ ಮಾಡಿಸುವುದಿಲ್ಲ.

ಬಾಕ್ಸಿನದೇ ಬೇಕು ಎನ್ನುವವರಿಗೆ ನಮ್ಮ ದೇಶದವೇ ಎರಡು ಇವೆ. ಪುಣೆಯ ಕ್ವಿಕ್ ಹೀಲ್ ನಮ್ಮ ಕಡೆ ಮನೆಮಾತು. ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತಿದ್ದ ಕೈಲಾಶ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ ಕಟ್ಟಿದ ಕಂಪನಿ, ಮೊದಲ ಆಂಟಿವೈರಸ್ 1995ರ ಡಾಸ್ ಕಾಲದ್ದು. ಚೆನ್ನೈನ ಕೆ7 ಇನ್ನೂ ಹಳೆಯದು, 1991ರಿಂದ ಇದೆ. ಎರಡರಲ್ಲೂ ಪೆನ್‌ಡ್ರೈವಿಗೆಂದೇ ಬೇರೆ ಕಾವಲಿದೆ. ರೊಕ್ಕ ಕೊಡುವ ಮನಸ್ಸಿಲ್ಲ, ಆದರೆ ಒಳಗೆ ಏನೋ ಸೇರಿದೆ ಎಂಬ ಅನುಮಾನ ಇದ್ದರೆ, ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಬಾಟ್, ಅಂದರೆ ಒಳಗೆ ಕೂತು ದೂರದವನ ಹೇಳಿಕೆಯಂತೆ ನಡೆಯುವ ಹುಳ, ತೆಗೆಯುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಅಂಗಡಿಯವರು ಇದನ್ನು ಹೇಳುವುದಿಲ್ಲ, ಅವರ ಹೊಟ್ಟೆಪಾಡೂ ನಡೆಯಬೇಕಲ್ಲ.

ಫೈಲುಗಳನ್ನೆಲ್ಲ ಬೀಗ ಹಾಕಿ ರೊಕ್ಕ ಕೇಳುವ ರ್‍ಯಾನ್ಸಮ್‌ವೇರಿಗೆ ಮಾತ್ರ ನಾನು ಯಾವ ಆಂಟಿವೈರಸ್ಸನ್ನೂ ನಂಬಿ ಕೂತಿಲ್ಲ. ಡಿಫೆಂಡರಿನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಎಂಬುದೊಂದಿದೆ, ಗುರುತಿಲ್ಲದ ತಂತ್ರಾಂಶ ನಿಮ್ಮ ಫೋಲ್ಡರಿನಲ್ಲಿ ಕೈಯಾಡಿಸದಂತೆ ತಡೆಯುತ್ತದೆ. ಅದು ತಾನಾಗಿ ಚಾಲೂ ಇರುವುದಿಲ್ಲ, ನಾವೇ ಹಾಕಬೇಕು, ಹಳೆಯ ಪೇಜ್‌ಮೇಕರಿನಂಥವಕ್ಕೆ ಪರವಾನಗಿಯನ್ನೂ ನಾವೇ ಬರೆದುಕೊಡಬೇಕು. ಅದರ ಮೇಲೆ, ಪ್ರತಿ ಶನಿವಾರ ರಾತ್ರಿ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ವಾಯರ್ ಕಿತ್ತು, ಸೀರೆಗಳ ನಡುವೆ ಇಡುತ್ತೇನೆ. ಹಚ್ಚಿಯೇ ಬಿಟ್ಟ ಹಾರ್ಡ್‌ಡಿಸ್ಕಿಗೂ ಬೀಗ ಬೀಳುತ್ತದೆ.

ಇಷ್ಟಾದ ಮೇಲೂ ನನ್ನ ಯಂತ್ರದ ಆಯುಷ್ಯ ಮುಗಿಯುತ್ತ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣ ಎಂದರೆ ಇಂಟೆಲ್ಲಿನ ಎಂಟನೇ ತಲೆಮಾರು ಬೇಕು, ನನ್ನದು ಆರು. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಸೆಟ್ಟಿಂಗುಗಳ ಬ್ಯಾಕಪ್ಪಿಗೆ ಒಪ್ಪಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಅದನ್ನು ಮಾಡಿಸಿಕೊಂಡಿದ್ದೇನೆ. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದಂತೆ. ಆದರೆ ಪಟ್ಟಿ ಬೇರೆ, ಗೋಡೆಯ ತೂತು ಮುಚ್ಚುವುದು ಬೇರೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ, ಫೈಲಿಗೆ ಬೀಗ ಹಾಕುವ ಹುಳ ಜಗತ್ತೆಲ್ಲ ಹಬ್ಬಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು, ಹಚ್ಚಿಕೊಳ್ಳದವರು ಸಿಕ್ಕಿಬಿದ್ದರು. 2026ರ ಅಕ್ಟೋಬರ್ 13 ದಾಟಿದ ಮೇಲೆ ನನಗೆ ಆ ತೇಪೆಯೂ ಬರುವುದಿಲ್ಲ.

ಅಕ್ಟೋಬರ್ 13 ಈ ಸಲ ನವರಾತ್ರಿಯೊಳಗೇ ಬರುತ್ತದೆ. ಖಂಡೇಪೂಜೆಗೆ ಹೊಸ ಸಿಪಿಯು ಇಡಬೇಕೆಂದು ಓಣಿಯ ಚೀಟಿಗೆ ಸೇರಿದ್ದೇನೆ. ಹಳೆಯದನ್ನು ಮಾರುವುದಿಲ್ಲ, ಇಂಟರ್ನೆಟ್ ಕಿತ್ತು ಪೇಜ್‌ಮೇಕರಿಗೂ ಪ್ರೆಸ್ಸಿನ ಕೆಲಸಕ್ಕೂ ಇಟ್ಟುಕೊಳ್ಳುತ್ತೇನೆ. ಆಗ ಅದಕ್ಕೆ ಡಿಫೆಂಡರ್ ಸಾಲುವುದಿಲ್ಲ, ಮತ್ತೆ ಕೊಪ್ಪೀಕರ್ ರೋಡಿಗೆ ಹೋಗಿ ಬಾಕ್ಸ್ ತರಬೇಕು, ಬಹುಶಃ ಕ್ವಿಕ್ ಹೀಲ್. ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೆ ಅದರ ಅಪ್‌ಡೇಟ್ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ತಂದು ಹಾಕಬಹುದು. ತರುವುದು ಮತ್ತೆ ಪೆನ್‌ಡ್ರೈವಿನಲ್ಲೇ. ಅದಕ್ಕೆಂದೇ ಒಂದು ಕೆಂಪು ಬಣ್ಣದ್ದು ತಂದಿಟ್ಟಿದ್ದೇನೆ, ಹುಡುಗನ ಕೈಗೆ ಸಿಗದಂತೆ ದೇವರ ಗೂಡಿನಲ್ಲಿದೆ.